‘ತಾಂತ್ರಿಕವಾಗಿ ಅನರ್ಹ’: ಹೇಳುವವರು ಯಾರು, ಕೇಳುವವರು ಯಾರು?



ಬೀಡಿ ಬ್ರಾಂಚಿನ ಜಗಲಿಯಲ್ಲಿ ಅಮ್ಮನ ಸೆರಗು ಹಿಡಿದುಕೊಂಡು ನಿಂತವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಬಂಟ್ವಾಳದಲ್ಲಿ ನಿಂತಿದ್ದೇವೆ, ಬೆಳ್ತಂಗಡಿಯಲ್ಲಿ ನಿಂತಿದ್ದೇವೆ, ಮೂಡುಬಿದಿರೆಯಲ್ಲಿ ನಿಂತಿದ್ದೇವೆ. ಅಮ್ಮ ರಾತ್ರಿಯೆಲ್ಲ ಚಿಮಣಿ ದೀಪದಲ್ಲಿ ಸುತ್ತಿದ ಬೀಡಿ. ಅದನ್ನು ನೋಡುವವನು ಕಟ್ಟು ಬಿಚ್ಚುತ್ತಾನೆ, ನಾಲ್ಕು ಬೀಡಿ ತಿರುಗಿಸುತ್ತಾನೆ, ‘ಸರಿಯಿಲ್ಲ’ ಅಂತ ಒಂದು ಹಿಡಿ ಬದಿಗೆ ಎಸೆಯುತ್ತಾನೆ. ಯಾಕೆ ಸರಿಯಿಲ್ಲ? ಎಲೆಯಾ, ಹೊಗೆಸೊಪ್ಪಾ, ನೂಲಾ? ಹೇಳುವುದಿಲ್ಲ. ಅಮ್ಮ ಕೇಳುವುದಿಲ್ಲ. ಕೇಳಿದರೆ ನಾಳೆ ಎಲೆ ಕಡಿಮೆ ಸಿಗುತ್ತದೆ. ಎಸೆದ ಬೀಡಿಗೆ ಮಜೂರಿ ಇಲ್ಲ. ಆದರೆ ಎಸೆದ ಬೀಡಿ ಅಮ್ಮನ ಕೈಗೂ ವಾಪಸು ಬರುವುದಿಲ್ಲ. ಅದು ಎಲ್ಲಿಗೆ ಹೋಯಿತು ಅಂತ ನಾವು ಚಿಕ್ಕವರಿದ್ದಾಗ ಕೇಳಿದ್ದೆವು. ಅಮ್ಮ ಬಾಯಿಗೆ ಕೈ ಅಡ್ಡ ಇಟ್ಟಳು.

ಇವತ್ತು ಅದೇ ಮಾತನ್ನು ಸರಕಾರದ ಕಂಪ್ಯೂಟರು ಹೇಳುತ್ತಿದೆ. ಭಾಷೆ ಮಾತ್ರ ದೊಡ್ಡದಾಗಿದೆ. ‘ಸರಿಯಿಲ್ಲ’ ಅನ್ನುವ ಬದಲು ‘ತಾಂತ್ರಿಕವಾಗಿ ಅನರ್ಹ’ ಅನ್ನುತ್ತದೆ. ನಮ್ಮ ಹುಡುಗರು ಟೆಂಡರು ಹಾಕುತ್ತಾರೆ, ಮೊದಲ ಲಕೋಟೆಯಲ್ಲೇ ಬೀಳುತ್ತಾರೆ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮನೆಗೆ ಬರುತ್ತಾರೆ. ಈ ಬಾಯಿಗೆ ಅಡ್ಡ ಇಟ್ಟ ಕೈಯ ಬಗ್ಗೆ ನಾವು ಇಲ್ಲಿ ಬರೆಯುತ್ತಿದ್ದೇವೆ.

‘ಟೆಂಡರು, ಕಂತ್ರಾಟು ಎಲ್ಲ ದುಡ್ಡಿನವರ ವ್ಯವಹಾರ, ಚಳುವಳಿಗೂ ಅದಕ್ಕೂ ಎಂಥ ಸಂಬಂಧ ಮಾರಾಯ್ರೆ?’ ಅಂತ ಕೆಲವು ಸಂಗಾತಿಗಳು ಮೂಗು ಮುರಿಯುತ್ತಾರೆ. ಅವರಿಗೊಂದು ನೆನಪು. 1942ರಲ್ಲಿ ಬಾಬಾಸಾಹೇಬರು ಪರಿಶಿಷ್ಟ ಜಾತಿಗಳ ಕುಂದುಕೊರತೆಗಳನ್ನು ಪಟ್ಟಿ ಮಾಡಿ ವೈಸರಾಯರಿಗೆ ಮನವಿ ಕೊಟ್ಟರು. ಅದರಲ್ಲಿ ವಿದ್ಯೆಯ ಮಾತಿದೆ, ಉದ್ಯೋಗದ ಮಾತಿದೆ. ಅದರ ಜೊತೆಗೇ ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆಗಳಲ್ಲಿ ನಮ್ಮವರಿಗೆ ಪಾಲಿಲ್ಲ ಅನ್ನುವ ಮಾತೂ ಇದೆ. ಸರಕಾರದ ಹಣ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಅನ್ನುವುದು ಬಾಬಾಸಾಹೇಬರಿಗೆ ಸಣ್ಣ ವಿಷಯ ಆಗಿರಲಿಲ್ಲ. ನಮಗೆ ಯಾಕೆ ಸಣ್ಣದಾಗಬೇಕು?

ನೀವು ತಿನ್ನುವ ಹಾಸ್ಟೆಲಿನ ಬೇಳೆ ಟೆಂಡರಿನಿಂದ ಬರುತ್ತದೆ. ಮಲಗುವ ಹಾಸಿಗೆ, ಸೋರುವ ತಾರಸಿ, ಬಾಗಿಲಿಲ್ಲದ ಕಕ್ಕಸು ಎಲ್ಲವೂ ಯಾವುದೋ ಟೆಂಡರಿನ ಕೂಸು. ನಿಮ್ಮ ಕಾಲನಿಯ ರಸ್ತೆ ಮೊದಲ ಮಳೆಗೇ ಎದ್ದುಹೋದರೆ ಅದೂ ಒಂದು ಟೆಂಡರಿನ ಕಥೆಯೇ. 2013ರ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆ ಕಾಯ್ದೆಯ ಪ್ರಕಾರ ನಮ್ಮ ಜನಸಂಖ್ಯೆಯ ಲೆಕ್ಕದಲ್ಲಿ ನಮ್ಮ ಹೆಸರಿಗೆ ದುಡ್ಡು ತೆಗೆದಿಡಬೇಕು. ದುಡ್ಡು ನಮ್ಮ ಹೆಸರಿನದ್ದು. ಮಣ್ಣು ಹೊರುವ ಕೂಲಿ ನಮ್ಮದು. ಕಾಂಕ್ರೀಟು ಬೀಳುವುದು ನಮ್ಮ ಕೇರಿಗೆ. ನಡುವಿನ ಬಿಲ್ಲು ಮಾತ್ರ ಯಾರದ್ದು?

ಎರಡು ಲಕೋಟೆಗಳ ಆಟ

ಕರ್ನಾಟಕದಲ್ಲಿ ಸರಕಾರಿ ಕೆಲಸ ಕೊಡಲು ಒಂದು ಕಾನೂನಿದೆ. ಹೆಸರು ‘ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999’. ಜನ ಇದನ್ನು ಕೆ.ಟಿ.ಪಿ.ಪಿ. ಅನ್ನುತ್ತಾರೆ. 2000ದ ಅಕ್ಟೋಬರಿನಿಂದ ಜಾರಿಯಲ್ಲಿದೆ. ಅದೇ 2000ದಲ್ಲಿ ಕೊರಗರ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನೂ ಬಂತು. ಒಂದು ಕಾನೂನು ಹೇಳಿತು, ಎಂಜಲು ತಿನ್ನಿಸಬೇಡಿ. ಇನ್ನೊಂದು ಹೇಳಿತು, ಸರಕಾರದ ಹಣವನ್ನು ಕತ್ತಲಲ್ಲಿ ಹಂಚಬೇಡಿ. ಎರಡನ್ನೂ ಓದಿದವರು ನಮ್ಮ ಕೇರಿಯಲ್ಲಿ ಎಷ್ಟು ಮಂದಿ?

ದೊಡ್ಡ ಕೆಲಸಗಳಿಗೆ ಎರಡು ಲಕೋಟೆ ಪದ್ಧತಿ ಉಂಟು. ಈಗ ಲಕೋಟೆ ಕಾಗದದ್ದಲ್ಲ, ಕಂಪ್ಯೂಟರಿನದ್ದು. ಹೆಸರು ಮಾತ್ರ ಉಳಿದಿದೆ. ಮೊದಲ ಲಕೋಟೆಯಲ್ಲಿ ನಿಮ್ಮ ಯೋಗ್ಯತೆ: ನೋಂದಣಿ, ವಹಿವಾಟು, ಹಿಂದೆ ಮಾಡಿದ ಕೆಲಸದ ಪ್ರಮಾಣಪತ್ರ, ಯಂತ್ರಗಳ ಪಟ್ಟಿ, ಇ.ಎಂ.ಡಿ. ಹಣ. ಎರಡನೆಯದರಲ್ಲಿ ನಿಮ್ಮ ದರ. ಮೊದಲನೆಯದರಲ್ಲಿ ಪಾಸಾದವರ ಎರಡನೆಯ ಲಕೋಟೆ ಮಾತ್ರ ಬಿಚ್ಚುತ್ತಾರೆ. ಅಂದರೆ ನೀವು ಎಲ್ಲರಿಗಿಂತ ಕಡಿಮೆ ದರ ಬರೆದಿರಬಹುದು, ಸರಕಾರಕ್ಕೆ ಲಕ್ಷಗಟ್ಟಲೆ ಉಳಿಸಬಹುದು. ಮೊದಲನೆಯದರಲ್ಲಿ ಬಿದ್ದರೆ ಆ ದರವನ್ನು ಯಾರೂ ನೋಡುವುದೇ ಇಲ್ಲ.

ಈ ಪದ್ಧತಿಯೇ ಕೆಟ್ಟದು ಅಂತ ನಾವು ಹೇಳುವುದಿಲ್ಲ. ಸೇತುವೆ ಕಟ್ಟಲು ಗೊತ್ತಿಲ್ಲದವನಿಗೆ ಸೇತುವೆ ಕೊಡಬಾರದು, ಅದು ಸರಿ. ಆದರೆ ಜರಡಿ ಹಿಡಿದ ಕೈ ಯಾರದ್ದು, ಜರಡಿಯ ತೂತು ಯಾರ ಅಳತೆಗೆ ಮಾಡಿದ್ದು, ಅದನ್ನು ಕೇಳಬೇಕು.

ಒಂದು ಲೆಕ್ಕ ನೋಡಿ. ಮೊತ್ತ ಹೆಚ್ಚಿರುವ ಕಾಮಗಾರಿಗಳ ಟೆಂಡರಿನಲ್ಲಿ ಸಾಮರ್ಥ್ಯ ಅಳೆಯಲು ಒಂದು ಸೂತ್ರ ಇಟ್ಟಿದ್ದಾರೆ: ಎ × ಎನ್ × 1.5, ಅದರಿಂದ ಬಿ ಕಳೆಯಬೇಕು. ‘ಎ’ ಅಂದರೆ ಕಳೆದ 5 ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ನೀವು ಮಾಡಿದ ಅತಿ ಹೆಚ್ಚು ಕೆಲಸದ ಮೊತ್ತ. ‘ಎನ್’ ಅಂದರೆ ಈ ಕೆಲಸ ಮುಗಿಸಲು ಕೊಟ್ಟ ವರ್ಷ. ‘ಬಿ’ ಅಂದರೆ ಈಗ ಕೈಯಲ್ಲಿ ಬಾಕಿ ಇರುವ ಕೆಲಸ. ನಮ್ಮ ಹುಡುಗ ಒಂದು ವರ್ಷ 60 ಲಕ್ಷದ ಕೆಲಸ ಮಾಡಿದ್ದಾನೆ, ಕೈಯಲ್ಲಿ 20 ಲಕ್ಷದ್ದು ಬಾಕಿ ಇದೆ, ಹೊಸ ಕೆಲಸಕ್ಕೆ 1 ವರ್ಷ ಅಂತ ಇಟ್ಟುಕೊಳ್ಳಿ. 60ಕ್ಕೆ 1.5 ಗುಣಿಸಿದರೆ 90. ಅದರಲ್ಲಿ 20 ಹೋದರೆ 70 ಲಕ್ಷ. 95 ಲಕ್ಷದ ಕೆಲಸಕ್ಕೆ ಅವನು ಅನರ್ಹ. ಲೆಕ್ಕ ಸರಿಯೇ ಇದೆ. ಆದರೆ ನಿನ್ನೆಯವರೆಗೆ ಯಾರೂ ಕೆಲಸವೇ ಕೊಡದವನ ‘ಎ’ ಎಷ್ಟು? ಸೊನ್ನೆ. ಸೊನ್ನೆಯನ್ನು ಒಂದೂವರೆಯಿಂದ ಗುಣಿಸಿದರೂ ಸೊನ್ನೆ, ನೂರರಿಂದ ಗುಣಿಸಿದರೂ ಸೊನ್ನೆ. ಶಾಲೆಗೆ ಸೇರಿಸದೆ ಇದ್ದವರು ‘ಓದು ಬರುವುದಿಲ್ಲ’ ಅಂತ ನಮ್ಮಜ್ಜನನ್ನು ಹೊರಗಿಟ್ಟ ಲೆಕ್ಕವೇ ಇದು. ಆಗ ಅದನ್ನು ಶಾಸ್ತ್ರ ಅಂದರು, ಈಗ ಸೂತ್ರ ಅನ್ನುತ್ತಾರೆ.

ಈ ಸೊನ್ನೆಯನ್ನು ಒಡೆಯಲಿಕ್ಕೇ 2017ರಲ್ಲಿ ಕೆ.ಟಿ.ಪಿ.ಪಿ. ಕಾನೂನಿಗೆ ತಿದ್ದುಪಡಿ ಬಂತು. 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ 17.15, ಪರಿಶಿಷ್ಟ ಪಂಗಡಕ್ಕೆ ಶೇಕಡಾ 6.95, ಒಟ್ಟು 24.10. ಆಮೇಲೆ ಮಿತಿಯನ್ನು 1 ಕೋಟಿಗೆ ಏರಿಸಿದರು. 2025ರಲ್ಲಿ 2 ಕೋಟಿಗೆ ಏರಿಸುವ ಮಸೂದೆ ಸದನದಲ್ಲಿ ಪಾಸಾಯಿತು, ಅದರಲ್ಲಿ ಬೇರೆ ವಿಷಯಗಳೂ ಇದ್ದವು, ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಕಡೆ ಕಳಿಸಿದರು.

ಕಾನೂನು ಬಂದ ಮಾರನೆ ದಿನವೇ ದಾರಿ ಹುಡುಕುವವರು ಹುಡುಕಿದರು. ಸಣ್ಣ ಸಣ್ಣ ನಾಲ್ಕು ಕೆಲಸಗಳನ್ನು ಒಟ್ಟು ಕಟ್ಟಿ ‘ಪ್ಯಾಕೇಜು’ ಮಾಡಿದರೆ ಮೊತ್ತ ಮಿತಿ ದಾಟುತ್ತದೆ, ಮೀಸಲಾತಿ ಹಾರಿಹೋಗುತ್ತದೆ. ಕಾನೂನಿನ 4(ಜಿ) ಅಡಿ ವಿನಾಯಿತಿ ತೆಗೆದುಕೊಂಡರೆ ಟೆಂಡರೇ ಬೇಡ, ನೇರ ಕೊಡಬಹುದು. ಇದೆರಡೂ ಆಗದಿದ್ದರೆ ಮೊದಲ ಲಕೋಟೆ ಇದ್ದೇ ಇದೆ.

ನಾವು ಹೇಗೆ ಸೋತೆವು

ಇಲ್ಲಿ ನಮ್ಮ ತಪ್ಪನ್ನೂ ಬರೆಯುತ್ತೇವೆ. ಮುಚ್ಚಿಟ್ಟರೆ ಪ್ರಯೋಜನವಿಲ್ಲ.

ಗುರುವಾಯನಕೆರೆಯಿಂದ ಆಚೆ, ಡಿ.ಸಿ. ಮನ್ನಾ ಜಾಗದಲ್ಲಿ ಒಂದು ಕಾಲನಿ. ಒಳ್ಳೆಯ ಜಾಗ ನಮಗೆ ಯಾವತ್ತು ಕೊಟ್ಟಿದ್ದಾರೆ? ಗುಡ್ಡದ ಬದಿ, ಮೇಲೆ ಬರೆ, ಕೆಳಗೆ ಮನೆ. ಬರೆ ಜರಿಯದ ಹಾಗೆ ತಡೆಗೋಡೆ ಕಟ್ಟಲು ಟೆಂಡರು ಕರೆದರು. ನಿಮ್ಮ ಹಾಗೆ ಹಾಸ್ಟೆಲಿನಲ್ಲಿ ಓದಿ, ಸಿವಿಲ್ ಡಿಪ್ಲೊಮಾ ಮುಗಿಸಿ, ನಾಲ್ಕನೇ ದರ್ಜೆ ಗುತ್ತಿಗೆದಾರನಾಗಿ ನೋಂದಣಿ ಮಾಡಿಸಿದ ನಮ್ಮ ಹುಡುಗನೊಬ್ಬ ಅರ್ಜಿ ಹಾಕಿದ. ಅವನ ದೊಡ್ಡಮ್ಮನ ಮನೆ ಅದೇ ಬರೆಯ ಕೆಳಗಿದೆ. ಗೋಡೆ ಹೇಗೆ ಕಟ್ಟಬೇಕು ಅಂತ ಅವನಿಗೆ ಗೊತ್ತುಂಟು, ನೀರು ಯಾವ ಕಡೆಯಿಂದ ಬರುತ್ತದೆ ಅಂತಲೂ ಗೊತ್ತುಂಟು.

ಪೋರ್ಟಲಿನಲ್ಲಿ ಒಂದು ಸಾಲು ಬಂತು: ತಾಂತ್ರಿಕವಾಗಿ ಅನರ್ಹ, ದಾಖಲೆ ಅಪೂರ್ಣ. ಯಾವ ದಾಖಲೆ? ಬರೆದಿಲ್ಲ. ಕಚೇರಿಗೆ ಹೋದ. ‘ಸಾಹೇಬರು ಸೈಟಿಗೆ ಹೋಗಿದ್ದಾರೆ.’ ಮರುದಿನ ಹೋದ. ‘ಅದೆಲ್ಲ ಕಂಪ್ಯೂಟರೇ ಮಾಡುವುದು, ನಮ್ಮ ಕೈಯಲ್ಲಿ ಎಂಥದೂ ಇಲ್ಲ.’ ಕಂಪ್ಯೂಟರಿಗೆ ಜಾತಿ ಇಲ್ಲ, ಸರಿ. ಅದರ ಮುಂದೆ ಕೂತು ಒತ್ತುವ ಬೆರಳು ಎಲ್ಲಿಂದ ಬಂತು?

ಅವನು ನಮ್ಮ ಹತ್ತಿರ ಬಂದ. ನಾವು ಏನು ಮಾಡಿದೆವು? ನಮಗೆ ಗೊತ್ತಿದ್ದದ್ದನ್ನು ಮಾಡಿದೆವು. ಸಭೆ ಕರೆದೆವು. ಕರಪತ್ರ ಹಂಚಿದೆವು. ಧರಣಿ ಕೂತೆವು. ಗಂಟಲು ಹರಿಯುವ ಹಾಗೆ ಧಿಕ್ಕಾರ ಕೂಗಿದೆವು. ಅಧಿಕಾರಿ ಹೊರಗೆ ಬಂದು ಕೈಮುಗಿದು ‘ಪರಿಶೀಲಿಸುತ್ತೇವೆ’ ಅಂದರು. ಪೇಪರಿನಲ್ಲಿ ಫೋಟೋ ಬಂತು. ನಮಗೆ ಗೆದ್ದಷ್ಟು ಖುಷಿ. ಈ ಎಲ್ಲ ಸಂಭ್ರಮದಲ್ಲಿ ಒಬ್ಬರೂ ಕಾನೂನಿನ ಪುಸ್ತಕ ಬಿಚ್ಚಲಿಲ್ಲ. ಬಿಚ್ಚಿದ್ದು ಕೆಲಸ ಬೇರೆಯವರಿಗೆ ಕೊಟ್ಟ ಆದೇಶ ಬಂದು 41ನೇ ದಿನ. ಕಲಂ 16ರಲ್ಲಿ ಮೇಲ್ಮನವಿಗೆ ಕೊಟ್ಟ ಅವಧಿ 30 ದಿನ. ಆಗಲೇ ಜೆಸಿಬಿ ಬಂದು ಪಾಯ ತೋಡಿ ಆಗಿತ್ತು.

ಮಾಹಿತಿ ಹಕ್ಕಿನಲ್ಲಿ ಕಾಗದ ಕೇಳಿದೆವು. ಬಂತು, ತಡವಾಗಿ ಬಂತು. ಅದರಲ್ಲಿ ಕಂಡದ್ದು ಇಷ್ಟು. ನಮ್ಮ ಹುಡುಗನ ‘ಅಪೂರ್ಣ ದಾಖಲೆ’ ಅಂದರೆ ಕಾಂಕ್ರೀಟು ಮಿಕ್ಸರು ಬಾಡಿಗೆಗೆ ಪಡೆಯುವ ಒಪ್ಪಂದದ ಒಂದು ಪುಟದಲ್ಲಿ ನೋಟರಿ ಮೊಹರು ಇರಲಿಲ್ಲ. ಕೆಲಸ ಸಿಕ್ಕಿದವರ ಕಥೆ ನೋಡಿ: ಅವರ ಕೆಲಸದ ಪ್ರಮಾಣಪತ್ರದ ತಾರೀಖು ಟೆಂಡರಿನ ಕೊನೆಯ ದಿನಕ್ಕಿಂತ ಆಚೆಯದು. ಅಂದರೆ ಅವರಿಂದ ಆಮೇಲೆ ಕಾಗದ ತರಿಸಿಕೊಂಡಿದ್ದಾರೆ. ನಮ್ಮವನಿಗೆ ಒಂದು ಮೊಹರು ಹಾಕಿಸಿಕೊಂಡು ಬಾ ಅನ್ನಲಿಲ್ಲ.

ಗೋಡೆ ಈಗ ನಿಂತಿದೆ. ನೀರು ಬಸಿದುಹೋಗುವ ತೂತುಗಳನ್ನು ಸರಿಯಾಗಿ ಇಟ್ಟಿಲ್ಲ. ಆಟಿ ತಿಂಗಳ ಮಳೆ ಹಿಡಿದರೆ ಗೋಡೆಯ ಹಿಂದೆ ನೀರು ತುಂಬುತ್ತದೆ. ದೊಡ್ಡಮ್ಮ ರಾತ್ರಿ ಮಲಗುವುದಿಲ್ಲ, ಮೊಮ್ಮಕ್ಕಳನ್ನು ಬಾಗಿಲ ಹತ್ತಿರ ಮಲಗಿಸಿ ಕೂತಿರುತ್ತಾರೆ. ಗೆಳೆಯರೇ, ನಾವು ಕಳೆದುಕೊಂಡ 30 ದಿನದ ಬೆಲೆ ಅದು. ಅಧಿಕಾರಿಯ ತಪ್ಪು ದೊಡ್ಡದು. ನಮ್ಮ ಅಜ್ಞಾನ ಅದಕ್ಕಿಂತ ಸಣ್ಣದೇನಲ್ಲ.

ಕೋರ್ಟು ಏನು ಹೇಳಿದೆ

ಇಂಥ ವಿಷಯ ಸುಪ್ರೀಂ ಕೋರ್ಟಿನ ತನಕ ಹೋಗಿದೆ. ನಾಲ್ಕು ತೀರ್ಪು ನೆನಪಿಟ್ಟುಕೊಳ್ಳಿ.

ಮೊದಲನೆಯದು 1979ರ ರಮಣ ದಯಾರಾಮ್ ಶೆಟ್ಟಿ ಪ್ರಕರಣ. ಮುಂಬಯಿ ವಿಮಾನ ನಿಲ್ದಾಣದಲ್ಲಿ ಒಂದು ಎರಡನೇ ದರ್ಜೆಯ ಹೋಟೆಲು, ಎರಡು ತಿಂಡಿ ಅಂಗಡಿ ನಡೆಸಲು ಟೆಂಡರು. 5 ವರ್ಷ ಅನುಭವ ಇರುವ ನೋಂದಾಯಿತ ಎರಡನೇ ದರ್ಜೆ ಹೋಟೆಲಿನವರು ಮಾತ್ರ ಹಾಕಬಹುದು ಅಂತ ಷರತ್ತು. ಕೊನೆಗೆ ಕೊಟ್ಟದ್ದು ಆ ಅರ್ಹತೆ ಇಲ್ಲದವರಿಗೆ. ನ್ಯಾಯಮೂರ್ತಿ ಭಗವತಿ ಹೇಳಿದರು: ಸರಕಾರ ತಾನೇ ಹಾಕಿದ ಗೆರೆಯನ್ನು ತಾನೇ ದಾಟುವ ಹಾಗಿಲ್ಲ, ಮನಸ್ಸಿಗೆ ಬಂದವರಿಗೆ ದಾನ ಮಾಡಲು ಇದು ಯಾರ ಮನೆಯ ಆಸ್ತಿಯೂ ಅಲ್ಲ ಅನ್ನುವ ಅರ್ಥದಲ್ಲಿ. ಆದರೆ ಶೆಟ್ಟರಿಗೆ ಕೆಲಸ ಸಿಗಲಿಲ್ಲ! ಅವರು ತಾವೇ ಟೆಂಡರು ಹಾಕಿರಲಿಲ್ಲ, ತಿಂಗಳುಗಟ್ಟಲೆ ತಡ ಮಾಡಿ ಬಂದಿದ್ದರು, ಅಷ್ಟರಲ್ಲಿ ಇನ್ನೊಬ್ಬರು ಹಣ ಸುರಿದು ಕೆಲಸ ಶುರು ಮಾಡಿದ್ದರು. ತತ್ವ ಗೆದ್ದಿತು, ಮನುಷ್ಯ ಸೋತ. ನಮ್ಮ 41ನೇ ದಿನದ ಕಥೆಯೂ ಇದೇ ಅಲ್ಲವಾ?

ಎರಡನೆಯದು ನಮ್ಮ ರಾಜ್ಯದ್ದು, 1990ರ ಜಿ.ಜೆ. ಫರ್ನಾಂಡಿಸ್ ಪ್ರಕರಣ. ಕರ್ನಾಟಕ ವಿದ್ಯುತ್ ನಿಗಮದ ಟೆಂಡರು. ಗೆದ್ದ ಕಂಪನಿ ಬೇಕಾದ ಕೆಲವು ಕಾಗದಗಳನ್ನು ಹೊತ್ತಿಗೆ ಸರಿಯಾಗಿ ಕೊಟ್ಟಿರಲಿಲ್ಲ, ಅದನ್ನು ಅನರ್ಹ ಮಾಡಬೇಕಿತ್ತು ಅಂತ ಫರ್ನಾಂಡಿಸ್ ವಾದ. ಕೋರ್ಟು ಒಪ್ಪಲಿಲ್ಲ. ಇಂಥ ಷರತ್ತನ್ನು ಸಡಿಲಿಸಬಹುದು, ಆದರೆ ಸಡಿಲಿಕೆ ಭೇದಭಾವ ಇಲ್ಲದೆ ಇರಬೇಕು, ಯಾರಿಗೂ ಅನ್ಯಾಯ ಆಗಬಾರದು ಅಂದಿತು. ಇದನ್ನು ಕಚೇರಿಗಳವರು ಗೆದ್ದವರ ಪರ ಓದುತ್ತಾರೆ. ನಾವು ತಿರುಗಿಸಿ ಓದಬೇಕು. ಅವರಿಗೆ ಪ್ರಮಾಣಪತ್ರ ಆಮೇಲೆ ತರಲು ಬಿಟ್ಟಿರೋ, ಹಾಗಾದರೆ ನಮ್ಮ ಹುಡುಗನಿಗೆ ಒಂದು ಮೊಹರು ಹಾಕಿಸಲು ಬಿಡದೆ ಇದ್ದದ್ದು ಯಾಕೆ? ಸಡಿಲಿಕೆ ಕೊಟ್ಟರೆ ಪಂಕ್ತಿಗೆಲ್ಲ ಕೊಡಿ. ಪಂಕ್ತಿಭೇದ ಊಟದಲ್ಲೂ ಬೇಡ, ಟೆಂಡರಿನಲ್ಲೂ ಬೇಡ.

ಮೂರನೆಯದು 1991ರ ಪೊದ್ದಾರ್ ಸ್ಟೀಲ್ ಪ್ರಕರಣ. ಇ.ಎಂ.ಡಿ. ಹಣವನ್ನು ಟೆಂಡರಿನಲ್ಲಿ ಹೇಳಿದ ರೀತಿಯಲ್ಲಿ ಕೊಡದೆ ಬೇರೆ ಬ್ಯಾಂಕಿನ ಚೆಕ್ಕಿನಲ್ಲಿ ಕೊಟ್ಟಿದ್ದರು. ಷರತ್ತುಗಳಲ್ಲಿ ಎರಡು ಬಗೆ ಅಂದಿತು ಕೋರ್ಟು: ಒಂದು ಅರ್ಹತೆಯ ಬೇರಿಗೇ ಸಂಬಂಧಿಸಿದ್ದು, ಇನ್ನೊಂದು ಬೇರಿಗೆ ಸಹಾಯವಾಗಿ ಇರುವ ಪೂರಕ ಷರತ್ತು. ಎರಡನೆಯದರಲ್ಲಿ ಸಣ್ಣ ತಪ್ಪಾದರೆ ಅದನ್ನು ಮನ್ನಿಸಬಹುದು. ಹಾಗಾದರೆ ಕೇಳಿ: ಮಿಕ್ಸರು ಇದೆಯೋ ಇಲ್ಲವೋ ಅನ್ನುವುದು ಬೇರು. ಮೊಹರು ಯಾವ ಪುಟದಲ್ಲಿದೆ ಅನ್ನುವುದು ಬೇರಾ?

ನಾಲ್ಕನೆಯದು 1994ರ ಟಾಟಾ ಸೆಲ್ಯುಲರ್ ಪ್ರಕರಣ. ಇದು ನಮಗೆ ಕಹಿ, ಆದರೂ ಕುಡಿಯಬೇಕು. ಕೋರ್ಟು ಇಂಜಿನಿಯರನ ಖುರ್ಚಿಯಲ್ಲಿ ಕೂತು ಯಾರು ಒಳ್ಳೆಯ ಗುತ್ತಿಗೆದಾರ ಅಂತ ತೀರ್ಮಾನಿಸುವುದಿಲ್ಲ. ತೀರ್ಮಾನ ಮಾಡಿದ ದಾರಿ ಸರಿಯಾ, ದುರುದ್ದೇಶ ಇತ್ತಾ, ತಲೆಬುಡ ಇಲ್ಲದ ತೀರ್ಮಾನವಾ, ಇಷ್ಟನ್ನು ಮಾತ್ರ ನೋಡುತ್ತದೆ. ಆದ್ದರಿಂದ ‘ನಮಗೆ ಅನ್ಯಾಯ ಆಗಿದೆ ಸ್ವಾಮಿ’ ಅಂತ ಅತ್ತರೆ ಸಾಲದು. ಯಾವ ಷರತ್ತು, ಯಾವ ಪುಟ, ನಮಗೆ ಏನು ಮಾಡಿದರು, ಇನ್ನೊಬ್ಬರಿಗೆ ಏನು ಮಾಡಿದರು ಅಂತ ಬೆರಳಿಟ್ಟು ತೋರಿಸಬೇಕು.

ಬೋನು ಎಲ್ಲಿದೆ

ಒಂದು ಬೋನು ಇದೆ, ಜಾಗ್ರತೆ. ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಕೊಡಲು ಕಚೇರಿಗೆ 30 ದಿನ. ಮೇಲ್ಮನವಿ ಹಾಕಲು ನಮಗೂ 30 ದಿನ. ಕಾಗದ ಕೈಗೆ ಬಂದ ಮೇಲೆ ಮೇಲ್ಮನವಿ ಹಾಕೋಣ ಅಂತ ಕೂತರೆ ಎರಡೂ ಒಂದೇ ದಿನ ಮುಗಿಯುತ್ತವೆ. ಕಚೇರಿಯವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಅದಕ್ಕೇ ‘ಮಾಹಿತಿ ಹಕ್ಕಿನಲ್ಲಿ ಕೇಳಿ’ ಅಂತ ನಗುನಗುತ್ತಾ ಹೇಳುತ್ತಾರೆ.

ಆದ್ದರಿಂದ ಕ್ರಮ ಹೀಗಿರಲಿ. ‘ಅನರ್ಹ’ ಅಂತ ಕಂಡ ದಿನವೇ ಆ ಪುಟವನ್ನು ಪ್ರಿಂಟು ತೆಗೆಯಿರಿ. ಅದೇ ದಿನ, ಎರಡನೇ ಲಕೋಟೆ ಬಿಚ್ಚುವ ಮೊದಲೇ, ಬರವಣಿಗೆಯಲ್ಲಿ ಆಕ್ಷೇಪಣೆ ಕೊಡಿ: ಯಾವ ಷರತ್ತಿನಡಿ ಅನರ್ಹ, ಕಾರಣ ಬರೆದು ಕೊಡಿ ಅಂತ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಮಾಹಿತಿ ಹಕ್ಕಿನ ಅರ್ಜಿಯನ್ನು ಜೊತೆಯಲ್ಲೇ ಹಾಕಿ. ಕರ್ನಾಟಕದಲ್ಲಿ ಅದು 150 ಶಬ್ದ ಮೀರಬಾರದು, ಒಂದೇ ವಿಷಯ ಇರಬೇಕು, ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಟೆಂಡರು ಒಪ್ಪಿಕೊಂಡ ಆದೇಶ ಬಂದ ಕೂಡಲೇ ಕಲಂ 16ರ ಮೇಲ್ಮನವಿ. ಉತ್ತರಕ್ಕೆ ಕಾಯಬೇಡಿ, ಗೊತ್ತಿದ್ದಷ್ಟು ಬರೆದು ಹಾಕಿ. ಟೆಂಡರು ಒಪ್ಪಿದ್ದು ಸರಕಾರವೇ ಆಗಿದ್ದರೆ ಆ ಮೇಲ್ಮನವಿ ಇಲ್ಲ, ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನ ಬಾಗಿಲು. ಅಲ್ಲಿಯೂ ಮೊದಲ ಪ್ರಶ್ನೆ ಒಂದೇ: ‘ಇಷ್ಟು ದಿನ ಎಲ್ಲಿದ್ದಿರಿ?’

ಇದನ್ನು ನಾವು ಒಮ್ಮೆ ಮಾಡಿ ನೋಡಿದ್ದೇವೆ. ಮೂಡುಬಿದಿರೆ ಕಡೆಯ ಒಬ್ಬ ಅಣ್ಣ ಹೀಗೇ ಬಿದ್ದಾಗ ಅದೇ ಸಂಜೆ ಆಕ್ಷೇಪಣೆ ಕೊಟ್ಟೆವು. ಧಿಕ್ಕಾರ ಕೂಗಲಿಲ್ಲ, ಷರತ್ತಿನ ನಂಬರು ಬರೆದೆವು. ಕಚೇರಿಯವರ ಮುಖದ ಬಣ್ಣ ಬದಲಾಯಿತು. ಮರುಪರಿಶೀಲನೆ ಆಯಿತು, ಅವರ ಎರಡನೇ ಲಕೋಟೆ ಬಿಚ್ಚಿದರು. ಅವರ ದರ ಹೆಚ್ಚಾಗಿತ್ತು. ಕೆಲಸ ಬಂಟ್ವಾಳದ ನಮ್ಮವನೇ ಇನ್ನೊಬ್ಬನಿಗೆ ಹೋಯಿತು. ಸೋತೆವಾ? ಹೌದು, ದರದಲ್ಲಿ ಸೋತೆವು. ಮೊಹರಿನಲ್ಲಿ ಸೋಲಲಿಲ್ಲ. ಅಣ್ಣ ಹೊರಗೆ ಬಂದು ‘ಇವತ್ತು ಲೆಕ್ಕದಲ್ಲಿ ಸೋತದ್ದು ಮಾರಾಯ, ಬೇಜಾರಿಲ್ಲ’ ಅಂತ ಚಾ ಕುಡಿಸಿದರು. ಆ ಚಾದ ರುಚಿ ನಮಗೆ ಇನ್ನೂ ನೆನಪಿದೆ.

ನಮ್ಮೊಳಗಿನ ಕಳ್ಳರಿಗೆ ಎರಡು ಮಾತು

ಇನ್ನು ನಮ್ಮವರ ಕಡೆ ತಿರುಗುತ್ತೇವೆ. ಸಿಟ್ಟು ಬಂದರೆ ಬರಲಿ.

ಮೀಸಲು ಟೆಂಡರು ಬಂದ ಕೂಡಲೇ ಊರಿನ ಧಣಿಗಳಿಗೆ ನಮ್ಮ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟುತ್ತದೆ. ಅಂಗಳದಿಂದ ಒಳಗೆ ಕರೆಯದವರು ಕಾರಿನಲ್ಲಿ ಬರುತ್ತಾರೆ. ‘ನಿನ್ನ ಹೆಸರು, ನಿನ್ನ ಜಾತಿ ಪತ್ರ, ನಿನ್ನ ಸಹಿ ಸಾಕು. ಬಂಡವಾಳ ನನ್ನದು, ನಿನಗೆ ಕೂತಲ್ಲಿಗೆ ದುಡ್ಡು.’ ನಮ್ಮ ಹುಡುಗ ಖಾಲಿ ಚೆಕ್ಕಿಗೆ ಸಹಿ ಹಾಕುತ್ತಾನೆ. ಡಿಜಿಟಲ್ ಸಹಿಯ ಕೀಲಿಯನ್ನೂ ಕೊಟ್ಟುಬಿಡುತ್ತಾನೆ. ರಸ್ತೆ ಎದ್ದುಹೋದಾಗ ಕಪ್ಪುಪಟ್ಟಿಗೆ ಸೇರುವ ಹೆಸರು ಯಾರದ್ದು? ತೆರಿಗೆ ನೋಟೀಸು ಬರುವುದು ಯಾರ ಮನೆಗೆ? ‘ನೋಡಿದಿರಾ, ಅವರಿಗೆ ಕೊಟ್ಟರೆ ಹೀಗೇ’ ಅನ್ನುವ ಮಾತು ಬೀಳುವುದು ಯಾರ ಮೇಲೆ? ಬಾಡಿಗೆಗೆ ಹೋದದ್ದು ಒಂದು ಕಾಗದ ಅಲ್ಲ. ಹುಟ್ಟಿನಿಂದ ಅನುಭವಿಸಿದ ಅವಮಾನಕ್ಕೆ ಸಂವಿಧಾನ ಕೊಟ್ಟ ಉತ್ತರವನ್ನೇ ಬಾಡಿಗೆಗೆ ಕೊಟ್ಟಿದ್ದೀರಿ. ಹಾಸ್ಟೆಲಿನ ತಮ್ಮಂದಿರೇ, ಓದು ಮುಗಿಸಿ ಹೊರಗೆ ಬಂದ ಕೂಡಲೇ ಈ ಕಾರು ನಿಮ್ಮ ಮುಂದೂ ನಿಲ್ಲುತ್ತದೆ. ಹತ್ತಬೇಡಿ.

ಇನ್ನೊಂದು. ಎಲ್ಲ ತಿರಸ್ಕಾರವೂ ಜಾತಿಯ ತಿರಸ್ಕಾರ ಅಲ್ಲ. ಒಬ್ಬ ನಮ್ಮ ಹತ್ತಿರ ಬಂದು ‘ನನ್ನನ್ನು ದಲಿತ ಅಂತ ಹೊರಗಿಟ್ಟರು, ಧರಣಿ ಮಾಡಿ’ ಅಂದ. ಕಾಗದ ತರಿಸಿ ನೋಡಿದರೆ ಕೆಲಸದ ಪ್ರಮಾಣಪತ್ರವೇ ಸುಳ್ಳು, ಸಹಿ ನಕಲಿ. ನಾವು ಅವನ ಪರ ನಿಲ್ಲಲಿಲ್ಲ. ‘ಜಾತಿದ್ರೋಹಿಗಳು’ ಅಂತ ಬೈದ. ಬೈಯಲಿ. 2022ರಲ್ಲಿ ಗಂಗಾ ಕಲ್ಯಾಣ ಯೋಜನೆಯ ಕೊಳವೆಬಾವಿ ಟೆಂಡರುಗಳಲ್ಲಿ ಸುಳ್ಳು ದಾಖಲೆ ತಂದ ಅನರ್ಹರನ್ನು ಅರ್ಹರು ಮಾಡಿದ್ದಾರೆ ಅಂತ ವಿಧಾನಸಭೆಯಲ್ಲೇ ಆರೋಪ ಎದ್ದಿತ್ತು. ಆ ಕೊಳವೆಬಾವಿ ಯಾರಿಗೆ? ನಮ್ಮ ರೈತನಿಗೆ. ಸುಳ್ಳು ಕಾಗದ ಒಪ್ಪಿದರೆ ಬಾಯಾರುವುದು ನಮ್ಮದೇ ಗದ್ದೆ. ತಾಂತ್ರಿಕ ಪರೀಕ್ಷೆ ಬೇಡ ಅನ್ನುವುದು ನಮ್ಮ ಬೇಡಿಕೆ ಅಲ್ಲ. ಪರೀಕ್ಷೆ ಎಲ್ಲರಿಗೂ ಒಂದೇ ಇರಲಿ, ಫಲಿತಾಂಶದ ಪಕ್ಕದಲ್ಲಿ ಕಾರಣ ಬರೆದಿರಲಿ, ಇದು ನಮ್ಮ ಬೇಡಿಕೆ.

‘ಗುಣಮಟ್ಟ ಹಾಳಾಗುತ್ತದೆ’ ಅಂತ ಮೀಸಲಾತಿಗೆ ಬೊಬ್ಬೆ ಹಾಕುವ ಮಹಾಶಯರೇ, ನಿಮಗೂ ಒಂದು ಪ್ರಶ್ನೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿ ಆರು ಶತಮಾನ ಆಗುತ್ತಾ ಬಂತು, ವೇಣೂರಿನ ಗೊಮ್ಮಟ 1604ರಿಂದ ನಿಂತಿದ್ದಾನೆ. ಕಟ್ಟಿಸಿದವರ ಹೆಸರು ಶಾಸನದಲ್ಲಿದೆ. ಕಲ್ಲು ಒಡೆದವರ, ಎಳೆದವರ, ಹೊತ್ತವರ ಜಾತಿ ಯಾವುದು ಅಂತ ಆಗ ಯಾರಾದರೂ ಗುಣಮಟ್ಟದ ಪ್ರಮಾಣಪತ್ರ ಕೇಳಿದ್ದರಾ? ಕಲ್ಲು ಹೊರುವಾಗ ನಾವು ಅರ್ಹರು. ಬಿಲ್ಲು ಬರೆಯುವಾಗ ಮಾತ್ರ ತಾಂತ್ರಿಕವಾಗಿ ಅನರ್ಹರಾ?

ಹಾಸ್ಟೆಲಿನಲ್ಲಿ ಮಾಡಬೇಕಾದ ಕೆಲಸ

ನಿಮ್ಮಿಂದ ನಾವು ಚಂದಾ ಕೇಳುವುದಿಲ್ಲ, ವಾರಕ್ಕೆ ಒಂದು ಸಂಜೆ ಕೇಳುತ್ತೇವೆ.

ಒಂದು: ಪ್ರತಿ ಹಾಸ್ಟೆಲಿನಲ್ಲಿ ಐದು ಮಂದಿಯ ಓದುವ ಗುಂಪು ಮಾಡಿ. ಕೆ.ಟಿ.ಪಿ.ಪಿ. ಕಾನೂನನ್ನು ಗಟ್ಟಿಯಾಗಿ ಓದಿ, ಅದೇನು ದೊಡ್ಡ ಗ್ರಂಥ ಅಲ್ಲ. ಕಲಂ 4, 6, 13, 16 ಬಾಯಿಗೆ ಬರಲಿ.

ಎರಡು: ಟೆಂಡರು ಪೋರ್ಟಲನ್ನು ತೆರೆದು ನಿಮ್ಮ ತಾಲೂಕಿನ ಕೆಲಸಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಯಾವುದು ಮೀಸಲು, ಯಾವುದು ಪ್ಯಾಕೇಜಾಗಿ ಕಟ್ಟಿದ್ದು, ಯಾರು ಯಾವ ಕಾರಣಕ್ಕೆ ಬಿದ್ದರು. ಒಂದು ವರ್ಷ ಬರೆದರೆ ಆ ನೋಟುಪುಸ್ತಕವೇ ಸಾಕ್ಷಿ ಹೇಳುತ್ತದೆ.

ಮೂರು: ಡಿಪ್ಲೊಮಾ, ಇಂಜಿನಿಯರಿಂಗ್ ಓದುವವರು ನಮ್ಮ ಸಣ್ಣ ಗುತ್ತಿಗೆದಾರರ ಕಾಗದವನ್ನು ಟೆಂಡರು ಹಾಕುವ ಮೊದಲೇ ನೋಡಿಕೊಡಿ. ಮೊಹರು, ತಾರೀಖು, ಸಹಿ, ಸೂತ್ರದ ಲೆಕ್ಕ. ಬಿದ್ದ ಮೇಲೆ ಹೋರಾಡುವುದಕ್ಕಿಂತ ಬೀಳದ ಹಾಗೆ ನೋಡುವುದು ಮೇಲು. ಕಾನೂನು ಓದುವವರು ಮೇಲ್ಮನವಿಯ ಒಂದು ಮಾದರಿ ಬರೆದಿಡಿ.

ನಾಲ್ಕು: ನಿಮ್ಮದೇ ಹಾಸ್ಟೆಲಿನ ಬೇಳೆ, ಹಾಸಿಗೆಯ ಟೆಂಡರಿನ ಷರತ್ತು ಕೇಳಿ ಪಡೆಯಿರಿ. ಕಾಗದದಲ್ಲಿ ಯಾವ ಬೇಳೆ, ಬಟ್ಟಲಿನಲ್ಲಿ ಯಾವ ಬೇಳೆ, ಹೋಲಿಸಿ ನೋಡಿ. ಅನರ್ಹ ಯಾರು ಅಂತ ಆಗ ಗೊತ್ತಾಗುತ್ತದೆ.

ಧರಣಿ ಬಿಡಬೇಕು ಅಂತ ಅಲ್ಲ. ಧರಣಿ ಕೂರೋಣ, ಧಿಕ್ಕಾರ ಕೂಗೋಣ. ಆದರೆ ಕೂಗುವ ಬಾಯಿಯ ಕೈಯಲ್ಲಿ ಸ್ವೀಕೃತಿ ಮೊಹರು ಬಿದ್ದ ಆಕ್ಷೇಪಣೆಯ ನಕಲು ಇರಲಿ. ಆಗ ಅಧಿಕಾರಿ ‘ಪರಿಶೀಲಿಸುತ್ತೇವೆ’ ಅಂತ ಕೈಮುಗಿದು ಒಳಗೆ ಹೋಗಲು ಆಗುವುದಿಲ್ಲ.

ಅಮ್ಮ ಬೀಡಿ ಬ್ರಾಂಚಿನಲ್ಲಿ ಕೇಳಲಿಲ್ಲ. ಕೇಳಿದರೆ ನಮ್ಮ ಶಾಲೆಯ ಫೀಸಿಗೆ ದುಡ್ಡಿರಲಿಲ್ಲ, ಅದಕ್ಕೇ ಕೇಳಲಿಲ್ಲ. ಆ ಬೀಡಿಯ ದುಡ್ಡಿನಲ್ಲಿ ಓದಿದವರು ನಾವು, ನೀವು. ಅವಳು ಬಾಯಿ ಮುಚ್ಚಿಕೊಂಡು ನಮಗೆ ಅಕ್ಷರ ಕೊಡಿಸಿದ್ದು ನಾವೂ ಬಾಯಿ ಮುಚ್ಚಿಕೊಂಡು ನಿಲ್ಲಲಿ ಅಂತ ಅಲ್ಲ. ‘ಸರಿಯಿಲ್ಲ’ ಅಂದವನ ಎದುರು ನಿಂತು ಕೇಳೋಣ: ಯಾಕೆ ಸರಿಯಿಲ್ಲ? ಯಾವ ಷರತ್ತು? ಯಾವ ಪುಟ? ಬರೆದು ಕೊಡಿ ಸ್ವಾಮಿ!

ಜೈ ಭೀಮ್.